ಸೋಪು ಮುಟ್ಟದ ಕೈ

"ಥೂ! ಎಲ್ಲೋ ಹೆಗ್ಗಣ ಸತ್ತಿದೆ ಅಂತ ಬೆಳಿಗ್ಗೆಯಿಂದ ಮೂಲೆಮೂಲೆ ಹುಡುಕಿಸ್ತಿದೀನಿ. ಅದು ನೀನೇನೋ?"

ನೀರಿನ ಕಚೇರಿಯ ಸಾಹೇಬ ಹಾಗೆಂದದ್ದು ಹತ್ತು ಹನ್ನೆರಡು ಜನರ ಎದುರಿಗೆ. ಎಲ್ಲರೂ ಮೇಲಿನ ಬಡಾವಣೆಯವರು. ಎರಡು ತಿಂಗಳ ಹಿಂದೆ ರಿಬ್ಬನ್ ಕತ್ತರಿಸಿದ ಹೊಸ ಶುದ್ಧೀಕರಣ ಘಟಕ ನೋಡಲು ಬಂದಿದ್ದರು. ಪ್ರಯೋಗಾಲಯದ ಬಾಗಿಲಲ್ಲೇ ಒಬ್ಬಾಕೆ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದಳು.

"ಇವನಿಗೆ ಚಿಗಟ ಅಂತೀವಿ," ಸಾಹೇಬ ಬಂದವರ ಕಡೆ ತಿರುಗಿದ. "ನೀರುಚಿಗಟ ಸಾಕ್ತಾನೆ. ಸಾಕಿ ಸಾಕಿ ಅವುಗಳ ನೆಂಟನೇ ಆಗ್ಬಿಟ್ಟಿದಾನೆ. ಸೋಪು ಅಂತ ಒಂದು ವಸ್ತು ಇದೆ ಕಣೋ ಲೋಕದಲ್ಲಿ, ಕೇಳಿದೀಯಾ? ತಿನ್ನೋದಲ್ಲ, ಹಚ್ಕೊಳೋದು."

ನಗು ಕೋಣೆ ತುಂಬಿತು. ಚಿಗಟ ತಲೆ ಎತ್ತಲಿಲ್ಲ. ಎತ್ತುವ ಹಾಗಿರಲಿಲ್ಲ. ಅವನ ಕೈಯ ಗಾಜಿನ ಕೊಳವೆಯಲ್ಲಿ ಸಾಸಿವೆಯಷ್ಟು ಜೀವವೊಂದು ಕುಪ್ಪಳಿಸುತ್ತಿತ್ತು. ಕೊಳವೆಯ ತುದಿಯನ್ನು ನೀರೊಳಗೆ ಮುಳುಗಿಸಿಯೇ ಅದನ್ನು ಬಿಡಬೇಕು. ಮೇಲಿಂದ ಹನಿಸಿದರೆ ಚಿಪ್ಪಿನೊಳಗೆ ಗಾಳಿ ಸಿಕ್ಕಿ, ತೇಲಿ ಸಾಯುತ್ತದೆ. ಬಿಟ್ಟ. ಒಂಬತ್ತಾಯಿತು. ಇನ್ನೊಂದು ಬಾಕಿ.

"ಕೆರೆ ಪಾಚೀಲಿ ಒಂದೊಂದ್ಸಲ ವಿಷ ಹುಟ್ಟುತ್ತೆ," ಸಾಹೇಬನ ದನಿ ಭಾಷಣಕ್ಕೆ ಏರಿತು. "ನಮ್ಮ ಕಣ್ಣಿಗೆ ಕಾಣಲ್ಲ, ನಾಲಿಗೆಗೆ ತಿಳಿಯಲ್ಲ. ಈ ಹುಳಗಳನ್ನ ಬಿಟ್ರೆ ಗೊತ್ತಾಗ್ಬಿಡುತ್ತೆ. ವಿಷ ಇದ್ರೆ ಸಾಯ್ತವೆ. ಜನ ಕುಡಿಯೋಕ್ಮುಂಚೆ ಇವು ಕುಡಿದು ನೋಡ್ತವೆ."

"ಇದ್ರಲ್ಲಿ ಎಲ್ಲಾ ತಳಕ್ಕೆ ಬಿದ್ದಿವೆಯಲ್ಲ?" ಕರವಸ್ತ್ರದವಳು ಕಿಟಕಿ ಬಳಿಯ ಲೋಟದತ್ತ ಬೆರಳು ತೋರಿಸಿದಳು.

"ಮಲಗಿವೆ," ಅಂದ ಸಾಹೇಬ. ಮತ್ತೆ ನಗು.

ಆ ಲೋಟದಲ್ಲಿದ್ದದ್ದು ಕೆಳಗಿನ ಸಾಲಿನ ನಲ್ಲಿನೀರು. ಮೇಲಿನ ಬಡಾವಣೆಗೆ ಮನೆಮನೆಗೂ ಕೊಳವೆಬಾವಿ. ಕೆಳಗಿನ ಸಾಲಿಗೆ ಕೆರೆಯೇ ಗತಿ. ಆ ಕೆರೆ ಈಗ ಹಸಿರು ಬಣ್ಣದ ಡಬ್ಬಿ ಬೋರಲು ಹಾಕಿದಂತಿತ್ತು. ದಡಕ್ಕೆ ಬಂದು ನಿಂತ ಪಾಚಿಯ ಕೆನೆ ಬಿಸಿಲಿಗೆ ಹಳಸಿ ಗುಳ್ಳೆ ಏಳುತ್ತಿತ್ತು. ನಡುವೆ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡಿದ್ದವು. ಗಾಳಿ ಬೀಸಿದರೆ ಆ ಕೆನೆಯೆಲ್ಲ ಜರುಗಿ ನೀರೆತ್ತುವ ಪೈಪಿನ ಬಾಯಿಗೇ ಹೋಗಿ ಕೂರುತ್ತಿತ್ತು.

ಆ ನಲ್ಲಿನೀರನ್ನು ಚಿಗಟ ಇಡೀ ಒಂದು ದಿನ ಮುಚ್ಚಳವಿಲ್ಲದೆ ಇಟ್ಟು, ಬ್ಲೀಚಿಂಗಿನ ಘಾಟು ಹೋದ ಮೇಲೆ ಹತ್ತು ಹುಳ ಬಿಟ್ಟಿದ್ದ. ಹತ್ತೂ ಸತ್ತವು. ಪಕ್ಕದ ಲೋಟಕ್ಕೆ ಕಚೇರಿಯ ಬಾವಿನೀರು ಹಾಕಿ ಇನ್ನೂ ಹತ್ತು ಬಿಟ್ಟಿದ್ದ. ಹತ್ತೂ ಕುಣಿಯುತ್ತಿದ್ದವು. ಲ್ಯಾಬಿನ ಮೇಡಂ ಎರಡನ್ನೂ ಎಣಿಸಿ, ನಲ್ಲಿ ನಿಲ್ಲಿಸಿ ಟ್ಯಾಂಕರ್ ಕಳಿಸಬೇಕು ಎಂದು ಬರೆದಳು. ಸಾಹೇಬ ಅದರ ಮೇಲೆ ಅಡ್ಡಗೆರೆ ಎಳೆದ. ಹೊಸ ಘಟಕದ ಗೋಡೆಯ ಕಲ್ಲಿನಲ್ಲಿ ಅವನ ಹೆಸರಿನ ಬಣ್ಣ ಇನ್ನೂ ಆರಿರಲಿಲ್ಲ. ಕೆಳಗಿನ ಸಾಲಿನ ಗೋಡೆಗೆ ಒಂದು ಚೀಟಿ ಅಂಟಿಸಿದರು: ಕುದಿಸಿ ಕುಡಿಯಿರಿ.

ಚಿಗಟ ಏಳನೇ ಕ್ಲಾಸಿಗೆ ಶಾಲೆಗೆ ಶರಣು ಹೊಡೆದವನು. ಗಾಜು ತೊಳೆಯಲು ಸೇರಿದ ದಿನ ಮೇಡಂ ಹೇಳಿದ್ದ ಮೊದಲ ಮಾತು ಇದು: "ಸೋಪು ಮುಟ್ಬೇಡ. ಬೆರಳ ಸಂದೀಲಿ ಚೂರು ಉಳಿದ್ರೂ ಇವು ಸಾಯ್ತವೆ. ಆಮೇಲೆ ನೀರು ಕೊಂದಿದ್ದೋ ನೀನು ಕೊಂದಿದ್ದೋ ಗೊತ್ತಾಗಲ್ಲ." ಆರು ವರ್ಷವಾಯಿತು, ಮುಟ್ಟಿರಲಿಲ್ಲ. ಬಿಸಿನೀರು, ಮರಳು, ಮತ್ತೆ ಬಿಸಿನೀರು. ಮೈಗೂ ಅದೇ. ಪಾಚಿಯ ನಾತ ಉಗುರಿನಿಂದ ಹೊರಟು ಮೊಣಕೈವರೆಗೆ ಸಂಸಾರ ಹೂಡಿತ್ತು. ಅವನು ಬರುತ್ತಿದ್ದಾನೆಂದು ಕೆಳಗಿನ ಸಾಲಿಗೆ ತಿರುವಿನಲ್ಲೇ ತಿಳಿಯುತ್ತಿತ್ತು. "ನಿಂಗೆ ಹೆಣ್ಣು ಕೊಡೋರು ನೆಗಡಿ ಹಿಡಿದವರೇ ಆಗ್ಬೇಕು ಕಣೋ," ಎಂದು ಅಕ್ಕ ನಗುತ್ತಿದ್ದಳು.

ಈಗ ಅಕ್ಕ ನಗುವ ಸ್ಥಿತಿಯಲ್ಲಿರಲಿಲ್ಲ. ಆ ಸಂಜೆ ಅವನು ಹೋದಾಗ ಗೋಡೆಗೆ ಒರಗಿ ಬಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಕೆಟ್ಟಿನ ತಳದಲ್ಲಿ ಹಳದಿಯೂ ಅಲ್ಲದ ಹಸಿರೂ ಅಲ್ಲದ ಲೋಳೆ. ಕಣ್ಣಿನ ಬಿಳಿಯೂ ಅದೇ ಬಣ್ಣ.

"ಕುದಿಸ್ದೆ ಕುಡೀತಿದೀಯೇನೇ?"

"ಕೊತಕೊತ ಕುದಿಸ್ತೀನಿ ಕಣೋ. ಚೀಟೀಲಿ ಹಾಗೇ ಬರೆದವ್ರಂತಲ್ಲ. ಇದ್ದ ಸೌದೆಯೆಲ್ಲ ನೀರಿಗೇ ಹೋಯ್ತು." ಮತ್ತೆ ವಾಕರಿಕೆ ಬಂತು. ಕಾರಲು ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.

ಒಲೆಯ ಮೇಲಿನ ಪಾತ್ರೆಯ ಅಂಚಿಗೆ ಹಸಿರು ಅಂಟು ಉಂಗುರದಂತೆ ಕಟ್ಟಿತ್ತು. ಚಿಗಟ ಅದನ್ನು ನೋಡುತ್ತ ನಿಂತ. ಕುದಿಸಿದರೆ ಪಾಚಿ ಸಾಯಬಹುದು. ವಿಷ? ಈ ಪ್ರಶ್ನೆಯನ್ನು ಮೇಡಂ ಕೇಳಿರಲಿಲ್ಲ, ಸಾಹೇಬನೂ ಕೇಳಿರಲಿಲ್ಲ. ಕುದಿಸಿ ಆರಿಸಿದ ನೀರನ್ನು ಬಾಟಲಿಗೆ ತುಂಬಿಕೊಂಡ.

"ಎಲ್ಲಿಗೋ ಅದು?"

"ನಮ್ಮೋರಿಗೆ ಕುಡಿಸಿ ನೋಡ್ತೀನಿ."

ಬೆಳಿಗ್ಗೆ ಆ ನೀರಿಗೆ ಹತ್ತು ಹುಳ ಆರಿಸಿ ಬಿಟ್ಟ. ಗಟ್ಟಿಮುಟ್ಟಾದವು. ಭೂತಗಾಜಿನಲ್ಲಿ ಅವುಗಳ ಗುಂಡಿಗೆ ಬಡಿಯುವುದು ಕಾಣುತ್ತಿತ್ತು. ಮರುದಿನ ಬಂದವನು ಚಪ್ಪಲಿ ಕೂಡ ಬಿಡದೆ ನೇರ ಕಿಟಕಿಗೆ ಹೋಗಿ ಲೋಟವನ್ನು ಉಗುರಿನಿಂದ ತಟ್ಟಿದ. ಜೀವ ಇದ್ದರೆ ಜಿಗಿಯುತ್ತವೆ. ಮತ್ತೆ ತಟ್ಟಿದ. ತಳದ ಹತ್ತು ಚುಕ್ಕೆಗಳಲ್ಲಿ ಒಂದೂ ಅಲುಗಲಿಲ್ಲ. ಪಕ್ಕದ ಬಾವಿನೀರಿನ ಲೋಟದಲ್ಲಿ ಸಂತೆ ನೆರೆದಿತ್ತು.

ಎರಡೂ ಲೋಟ ಹಿಡಿದು ಸಾಹೇಬನ ಕೋಣೆಗೆ ನುಗ್ಗಿದ. ಮೇಡಂ ಅಲ್ಲೇ ಕೂತಿದ್ದಳು.

"ಸಾರ್, ಕುದಿಸಿದ್ರೂ ಹೋಗಲ್ಲ ಸಾರ್ ಇದು. ನೋಡಿ. ನಮ್ಮಕ್ಕನ ಒಲೆ ಮೇಲಿನ ನೀರು. ಚೀಟಿ ಕಿತ್ತಾಕಿ ನಲ್ಲಿ ನಿಲ್ಲಿಸಿ ಸಾರ್. ಒಂದು ಟ್ಯಾಂಕರ್..."

ಸಾಹೇಬ ಅಂಗಡಿಯಿಂದ ತರಿಸಿದ ನೀರಿನ ಬಾಟಲಿಯನ್ನು ಬಾಯಿಂದ ಇಳಿಸಿದ.

"ಯಾರು ಹೇಳಿದ್ರೋ ನಿಂಗೆ ಕುದಿಸಿ ನೋಡು ಅಂತ? ಲೋಟ ತೊಳಿ ಅಂದ್ರೆ ಪ್ರಯೋಗ ಮಾಡ್ತಾನಂತೆ ಬೋಳಿಮಗ!" ಎದ್ದು ಬಂದು ಎರಡು ಲೋಟವನ್ನೂ ಕಿತ್ತುಕೊಂಡು ಕೈತೊಳೆಯುವ ತೊಟ್ಟಿಗೆ ಸುರಿದ. ಸತ್ತ ಹತ್ತು, ಬದುಕಿದ ಹತ್ತು, ಒಟ್ಟಿಗೆ ಸುಳಿ ತಿರುಗಿ ತೂತಿನೊಳಗೆ ಹೋದವು. "ಇವತ್ತು ಹನ್ನೊಂದಕ್ಕೆ ನಿಮ್ಮ ಸಾಲಿಗೆ ಬರ್ತೀನಿ. ಜನ ಕೂಗಾಡ್ತಿದಾರಂತೆ, ಹುಳ ಸತ್ತ ಸುದ್ದಿ ನೀನೇ ಹಬ್ಬಿಸಿರ್ತೀಯ. ಲೋಟ ಸೋಪಲ್ಲಿ ತೊಳೆದ್ಬಿಟ್ಟೆ, ಅದಕ್ಕೇ ಸತ್ವು ಅಂತ ಎಲ್ರೆದುರು ಹೇಳ್ಬೇಕು. ಇಲ್ಲಾಂದ್ರೆ ನಾಳೆಯಿಂದ ಗೇಟೊಳಗೆ ಕಾಲಿಡ್ಬೇಡ."

ಚಿಗಟ ಮೇಡಂ ಮುಖ ನೋಡಿದ. ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಹಾಕಿದಳು. ಹೊರಗೆ ಬಂದ ಮೇಲೆ ಗೋಡೆಗೆ ಹೇಳುವವಳಂತೆ ಅಂದಳು: "ನಂಗೂ ಮನೆ ಇದೆ ಕಣೋ."

"ನಲ್ಲೀಲಿ ಯಾವ ನೀರು ಬರುತ್ತೆ ಮೇಡಂ, ನಿಮ್ಮನೇಲಿ?"

ಅವಳು ಒಳಗೆ ಹೋದಳು.

ಹನ್ನೊಂದಕ್ಕೆ ಕೆಳಗಿನ ಸಾಲಿನ ನಲ್ಲಿಕಟ್ಟೆಯ ಸುತ್ತ ಜನ ಕೊಡಗಳೊಂದಿಗೆ ನಿಂತಿದ್ದರು. ಸಾಹೇಬ ಚರಂಡಿ ದಾಟಿ, ಕಟ್ಟೆಯ ಒಣಗಿದ ಭಾಗ ಹುಡುಕಿ ನಿಂತ.

"ನೀರಿಗೆ ಏನೂ ಆಗಿಲ್ಲ. ನಿಮ್ಮವನೇ ಇದಾನಲ್ಲ ಇವನು, ಇವನದೇ ತಪ್ಪು. ಲೋಟ ಸೋಪು ಹಾಕಿ ತೊಳೆದಿದಾನೆ. ಅದಕ್ಕೆ ಹುಳ ಸತ್ತಿವೆ."

ಮೂಲೆಮನೆ ಅಜ್ಜಿ ಕಿವಿಗೆ ಕೈ ಹಿಡಿದು ಮುಂದೆ ಬಂದಳು.

"ಯಾರು? ಇವನಾ? ಸೋಪಾ?"

"ಹೌದಮ್ಮ, ಸೋಪು."

"ಅಯ್ಯೋ ನಿನ್ನ ಬಾಯಿಗೆ ಮಣ್ಣಾಕ! ಇವನು ಸೋಪು ಮುಟ್ಟಿದ್ರೆ ನಾವು ಊರಿಗೆಲ್ಲ ಸಿಹಿ ಹಂಚ್ತಿದ್ವಲ್ಲಪ್ಪ!"

ಕೊಡಗಳು ತಾಗಿ ಸದ್ದಾಗುವಷ್ಟು ನಗು ಎದ್ದಿತು. ಸಾಹೇಬನ ಕತ್ತು ಕೆಂಪಾಯಿತು.

"ಏ ಚಿಗಟ! ನೀನೇ ಬೊಗಳೋ. ಸೋಪು ಹಾಕಿದ್ದೆ ತಾನೆ?"

ಚಿಗಟ ಮುಂದೆ ಬಂದ. ಕಟ್ಟೆ ಹತ್ತಿದ. ಎರಡೂ ಅಂಗೈ ಬಿಡಿಸಿ ಸಾಹೇಬನ ಮೂಗಿನ ಕೆಳಗೆ ಹಿಡಿದ. ಬಿರಿದ ಚರ್ಮ, ಬಿರುಕಿನೊಳಗೆಲ್ಲ ಹಸಿರು, ಉಗುರಿನ ಬುಡದಲ್ಲಿ ಆರು ವರ್ಷದ ಕೆರೆ.

"ಥೂ!" ಸಾಹೇಬ ಹಿಂದಕ್ಕೆ ನೆಗೆದ. ಬೂಟು ಜಾರಿ ಒಂದು ಕಾಲು ನಲ್ಲಿಯ ಗುಂಡಿಗಿಳಿಯಿತು. ಕೈ ತಾನಾಗಿಯೇ ಮೂಗು ಮುಚ್ಚಿತ್ತು.

ಈ ಸಲ ಯಾರೂ ನಗಲಿಲ್ಲ. ಮುಚ್ಚಿದ ಆ ಮೂಗನ್ನು ಇಡೀ ಸಾಲು ನೋಡುತ್ತಿತ್ತು. ಆಮೇಲೆ ಒಬ್ಬೊಬ್ಬರೂ ತಮ್ಮ ಕೊಡದೊಳಕ್ಕೆ ಬಗ್ಗಿ ನೋಡಿದರು.

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಳಗೆ ಹೋದಳು. ಕುದಿಸಿ ಇನ್ನೂ ಆರದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು, ಎರಡು ಹೆಜ್ಜೆಗೊಮ್ಮೆ ನಿಂತು, ಕಟ್ಟೆಯವರೆಗೆ ಬಂದಳು. ಸಾಹೇಬನ ಒದ್ದೆ ಬೂಟಿನ ಮುಂದೆ ಅದನ್ನು ಬೋರಲು ಹಾಕಿದಳು. ಹಬೆ ಎದ್ದಿತು. ಅಜ್ಜಿಯ ಕೊಡ ಉರುಳಿತು. ಆಮೇಲೆ ಇನ್ನೊಂದು.

"ಯಾವಳಾದ್ರೂ ನಾಳೆ ನೀರು ಅಂತ ಬಂದ್ರೆ ನೋಡಿ!" ಸಾಹೇಬ ಕಿರುಚಿದ. "ಏ ಚಿಗಟ, ಯಾರು ಎತ್ತಿಕಟ್ಟಿದ್ರೋ ಇವರನ್ನ? ಹೇಳೋ! ನಿನ್ನನ್ನೇ ಕಣೋ, ಮುಂಡೇದೆ! ಉತ್ತರ ಕೊಡೋ!"

ಚಿಗಟ ಅಷ್ಟು ಹೊತ್ತಿಗೆ ಕಟ್ಟೆ ಇಳಿದಿದ್ದ. ತಿರುಗಿ ನೋಡದೆ ಚರಂಡಿಯ ಪಕ್ಕದಲ್ಲೇ ನಡೆದ. ಚೆಲ್ಲಿದ ನೀರು ಹಸಿರು ನೊರೆ ಎಳೆದುಕೊಂಡು ಅವನ ಹೆಜ್ಜೆಯ ಜೊತೆಜೊತೆಗೇ ಸ್ವಲ್ಪ ದೂರ ಹರಿಯಿತು. ತಿರುವಿನ ಹತ್ತಿರ ಅವನನ್ನು ದಾಟಿ, ಮತ್ತೆ ಕೆರೆಯ ಕಡೆಗೇ ಹೋಯಿತು.