ಎರೆಯುವ ಕೈ

ಹಂಡೆಯ ನೀರಿಗೆ ಬೇವಿನ ಸೊಪ್ಪು ಹಾಕಿ ಹಂಪಮ್ಮ ಎಣ್ಣೆಯ ಬಟ್ಟಲನ್ನು ಕೆಂಡದ ಮೇಲಿಟ್ಟಳು. ಬಚ್ಚಲಿನ ಮಣೆಯ ಮೇಲೆ ಅನುಸೂಯಾ ಮೈ ಮುದುಡಿ ಕುಳಿತಿದ್ದಳು. ಹೆರಿಗೆಯಾದ ಮೇಲೆ ಇದೇ ಮೊದಲ ನೀರು. ಕಮಲಾಪುರದಿಂದ ಕಂಪ್ಲಿಯವರೆಗೂ ಬಾಣಂತಿಯರ ಮೈ ತೀಡಿ ನೀರೆರೆಯುವುದೇ ಹಂಪಮ್ಮನ ಕಸುಬು.

"ಮೆತ್ತಗ ತೀಡು, ಅತ್ತಿ. ನಾನೇನು ರೊಟ್ಟಿ ಹಿಟ್ಟಲ್ಲ."

"ನೀ ಹುಟ್ಟಿದಾಗ ನಿಮ್ಮವ್ವಗೂ ನಾನ ಎರದಿದ್ದು. ಆಕೀನೂ ಹಿಂಗ ಅಂತಿದ್ಲು."

ಅಷ್ಟರಲ್ಲಿ ಅನುಸೂಯಾಳ ತಾಯಿ ಪಂಪಮ್ಮ ಬಾಗಿಲಿಗೆ ಬಂದು ದನಿ ತಗ್ಗಿಸಿದಳು. "ಹಂಪಕ್ಕ, ಕಂಪ್ಲಿ ಸ್ನೇಹಾ ತೀರಿ ಹೋದ್ಲಂತ. ಹೊಸಪೇಟಿ ಆಸ್ಪತ್ರ್ಯಾಗ."

ಹೋದ ವಾರದವರೆಗೂ ಹಂಪಮ್ಮ ಸ್ನೇಹಾಳಿಗೆ ಎರೆದಿದ್ದಳು. ಚಳಿಜ್ವರ ಬಂದಾಗ ಮನೆಯವರು ಕಂಬಳಿ ಹೊದಿಸಿ, ಮೆಣಸಿನ ಕಷಾಯ ಕುಡಿಸಿ, ಬಾಗಿಲು ಹಾಕಿ ಮಲಗಿಸಿದ್ದರು. ಹೊಟ್ಟೆ ಉಬ್ಬಿ ಮಾತು ತೊದಲಿದ ಮೇಲೆಯೇ ಆಸ್ಪತ್ರೆಗೆ ಒಯ್ದದ್ದು.

"ಏನಾಗಿತ್ತಂತ?"

"ಭಾಳ ಜೋರಿನ ಕ್ರಿಮಿ ಅಂತ. ಹೊಲಿಗಿ ಜಾಗದಾಗಿಂದ ರಕ್ತಕ್ಕ ಇಳೀತಂತ. ಮುಟ್ಟಿದೋರ ಕೈಯಾಗ ಕೀವು ಇತ್ತೇನು ಅಂತ ಡಾಕ್ಟ್ರು ಕೇಳಿದ್ರಂತ. ಅದೆಲ್ಲ ಬಿಡು. ಅವರವ್ವ ಕದ್ದು ತಣ್ಣೀರು ಕುಡಿಸ್ಯಾಳ, ಅದಕ್ಕ ಬಾಣಂತಿಗೆ ಸನ್ನಿ ಹಿಡದೈತಿ. ಬೀಗರೆಲ್ಲ ಆಕಿ ಮುಖಕ್ಕ ಉಗಳಾಕತ್ತಾರ."

ಹಂಪಮ್ಮ ತನ್ನ ಬಲ ಹೆಬ್ಬೆರಳನ್ನು ನೋಡಿಕೊಂಡಳು. ಸ್ನೇಹಾಳಿಗೆ ಎರೆಯುವಾಗಲೇ ಉಗುರುಸುತ್ತು ಎದ್ದಿತ್ತು. ರಾತ್ರಿ ನಿಂಬೆಹಣ್ಣಿಗೆ ಬೆರಳು ತೂರಿಸಿ ಮಲಗುವುದು, ಬೆಳಿಗ್ಗೆ ಕಿತ್ತೆಸೆದು ಕೆಲಸಕ್ಕೆ ಹೋಗುವುದು. ಚಿಂದಿ ಸುತ್ತಿದರೆ ಬೆರಳಿಗೆ ನರ ಸಿಗುವುದಿಲ್ಲವೆಂದು ಬರಿಗೈಯಲ್ಲೇ ತೀಡಿದ್ದಳು. ಬಿಸಿನೀರು ಬಿದ್ದಾಗ ನೋವು ಇಳಿದು ಹಾಯೆನಿಸುತ್ತಿತ್ತು. ಹೊಲಿಗೆಯ ಜಾಗವನ್ನು ತೊಳೆದದ್ದೂ ಇದೇ ಕೈ. ಉಗುರಿನ ಬುಡದಲ್ಲಿ ಹಳದಿ ಇನ್ನೂ ಜಿನುಗುತ್ತಿತ್ತು.

ಎಣ್ಣೆ ಕಾದಿತ್ತು. ಅನುಸೂಯಾ ಬೆನ್ನು ಒಡ್ಡಿ ಕಾಯುತ್ತಿದ್ದಳು.

ಹಂಪಮ್ಮ ಎದ್ದು ಕೈಯನ್ನು ಸೆರಗಿನೊಳಗೆ ಸೇರಿಸಿದಳು. "ಪಂಪಮ್ಮ, ನನಗ್ಯಾಕೋ ತಲಿ ಸುತ್ತಾಕತ್ತೈತಿ. ಇವತ್ತು ನೀನ ಎರಿ. ಸೋಪು ಹಚ್ಚಿ ಕೈ ಚಲೋ ತೊಳಕೋ. ಜ್ವರ ಬಂದ್ರ ಕಂಬಳಿ ಹೊಚ್ಚಬ್ಯಾಡ, ಜಲ್ದಿ ಆಸ್ಪತ್ರಿಗೆ ಒಯ್ಯಿ."

"ನಿನ್ನ ಕೈಗುಣ ನನಗೆಲ್ಲಿಂದ ಬರಬೇಕು," ಎಂದು ಪಂಪಮ್ಮ ಗೊಣಗಿದಳು.

ಹಂಪಮ್ಮ ಹೊರಬಿದ್ದಳು. ಕಬ್ಬಿನ ಟ್ರ್ಯಾಕ್ಟರುಗಳು ಹಾದುಹೋಗಲೆಂದು ರಸ್ತೆಯಂಚಿಗೆ ಸರಿದು ನಿಂತಳು. ಮಗಳನ್ನು ಕಳೆದುಕೊಂಡು, ಬೈಗುಳವನ್ನೂ ತಿನ್ನುತ್ತಿರುವ ಆ ತಾಯಿಯ ಮುಖ ಕಣ್ಣಿಗೆ ಕಟ್ಟಿತು. ಇನ್ನು ಯಾವ ಬಾಣಂತಿಯ ಮೈಯನ್ನೂ ಮುಟ್ಟುವುದಿಲ್ಲ. ಕೇಳಿದವರಿಗೆ ಸೊಂಟನೋವೆಂದರಾಯಿತು. ತಣ್ಣೀರಿನ ಮಾತು ಮಾತ್ರ ಹಾಗೇ ಇರಲಿ.