ಮೆಟ್ಟಿಲುಗಳಿಗೆ ದನಿ ಕೊಟ್ಟವಳು

ವೇದಾವತಿ ಎದುರಿನವರ ಮುಖ ನೋಡಿ ಮಾತು ಕೇಳುವವಳಲ್ಲ. ಕತ್ತನ್ನು ಓರೆಯಾಗಿಸಿ, ಎಡಗಿವಿಯನ್ನು ಮುಂದೆ ಚಾಚಿ, ನೆಲ ನೋಡುತ್ತಾ ನಿಂತುಬಿಡುವಳು. ನಡಿಗೆಯೂ ಹಾಗೆಯೇ: ಹತ್ತು ಹೆಜ್ಜೆ ಬಿರುಸಾಗಿ ನಡೆದು, ಯಾವುದೋ ಬಾಗಿಲು ಕಿರುಗುಟ್ಟಿದರೆ ತಟ್ಟನೆ ಸ್ತಬ್ಧ. ಬೇಸಿಗೆಯಲ್ಲೂ ಬಿಚ್ಚದ ಖಾಕಿ ಕೋಟಿನ ಜೇಬಿನಲ್ಲಿ ರೆಕಾರ್ಡರ್ ಸದಾ ಚಾಲೂ. ಯಾರ ಅನುಮತಿಯನ್ನೂ ಬೇಡಿದವಳಲ್ಲ. "ಕೇಳಿ ರೆಕಾರ್ಡ್ ಮಾಡಿದ್ರೆ ಗಂಟಲು ಬಿಗಿದೋಗ್ತದೆ ಕದಾ" ಎಂದು ಪಾವಗಡದ ಕನ್ನಡದಲ್ಲಿ ಹಠ ಹಿಡಿಯುವಳು.

ಶಿರಾದ ಹಳೆಯ ಬಂಗಲೆಯೊಂದು ವಸ್ತುಸಂಗ್ರಹಾಲಯವಾದಾಗ ಕೋಣೆಗಳನ್ನೆಲ್ಲ ನೇಗಿಲು, ನಾಣ್ಯ, ಕಂಚಿನ ಪಾತ್ರೆಗಳು ಆಕ್ರಮಿಸಿದವು. ಯಾರಿಗೂ ಬೇಡವಾದ ಕಾರಿಡಾರು, ಹೊಸ್ತಿಲು, ಮೆಟ್ಟಿಲುಗಳನ್ನು ವೇದಾವತಿ ತನ್ನ ಧ್ವನಿಕೃತಿಗಾಗಿ ಬೇಡಿ ಪಡೆದಳು. ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುವಾಗ, ಕಣ್ಣಿಗೆ ಬಿಡುವು ಸಿಗುವ ಆ ಗಳಿಗೆಯಲ್ಲಿ, ಕಿವಿಗೆ ಈ ಸೀಮೆ ಕೇಳಿಸಬೇಕೆಂಬುದೇ ಅವಳ ಧ್ಯಾನ. ಕಾರಿಡಾರಿನಲ್ಲಿ ಚನ್ನರಾಯನದುರ್ಗದ ಬೆಟ್ಟದ ಗಾಳಿ. ಮೆಟ್ಟಿಲುಗಳ ಮೇಲೆ ಕಳ್ಳಂಬೆಳ್ಳದ ಮುದುಕಿ ಈಶ್ವರಮ್ಮ ರಾಗಿ ಕೇರುತ್ತಾ ಹಾಡಿಕೊಂಡ ಹಾಡು, ನಡುನಡುವೆ ತನ್ನಷ್ಟಕ್ಕೇ ಗೊಣಗಿಕೊಂಡ ಮಾತು. ಆ ಗೊಣಗನ್ನೇ ಕೃತಿಯ ಜೀವವೆಂದು ಬಗೆದು ನೂರು ಸಲ ಆಲಿಸಿದ್ದಳು. ಆದರೆ ಪದಗಳತ್ತ ಗಮನ ಹೋಗಿರಲಿಲ್ಲ; ಅವಳ ಪಾಲಿಗೆ ಅದು ಬರಿಯ ನಾದವಾಗಿತ್ತು.

ಉದ್ಘಾಟನೆಗೆ ಈಶ್ವರಮ್ಮನನ್ನು ತಾನೇ ಕರೆದಳು. ಮುದುಕಿ ಬಂದದ್ದು ಸೊಸೆ ಜ್ಯೋತಿಲಕ್ಷ್ಮಿಯ ಜೊತೆಗೆ. ಮೊದಲ ಮೆಟ್ಟಿಲಿಗಾಗಿ ಮುದುಕಿಯ ಪಾದ ಗಾಳಿಯಲ್ಲಿ ತಡಕಾಡಿದ್ದನ್ನು ಕಂಡದ್ದೇ ತಡ, ವೇದಾವತಿಗೆ ಆ ಗೊಣಗಿನ ಅರ್ಥ ಹೊಳೆಯಿತು. ಅದು ಕೇಳಿಬರಲು ಒಂದು ನಿಮಿಷವೂ ಉಳಿದಿರಲಿಲ್ಲ. ಸ್ವಿಚ್ಚು ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ನಡುವೆ ಹಾರ ಹಿಡಿದ ಜನ. ನುಗ್ಗಿದಳು, ಎಡವಿದಳು, ಕೋಟಿನ ಜೇಬುಗಳನ್ನೆಲ್ಲ ತಡವಿದರೂ ಗೂಡಿನ ಬೀಗದ ಕೈ ಸಿಗಲಿಲ್ಲ.

ಮೇಲಿನ ಸ್ಪೀಕರಿನಿಂದ ಈಶ್ವರಮ್ಮನ ದನಿ ಇಳಿದು ಬಂತು: "ಬಲಗಣ್ಣೂ ಮಂಜಾಯ್ತಾ ಐತಪ್ಪಾ. ಸೊಸೆಗೆ ಗೊತ್ತಾದ್ರೆ ಹೊಲದ ಕಡೀಕೇ ಬುಡಾಕಿಲ್ಲ."

ಜ್ಯೋತಿಲಕ್ಷ್ಮಿ ನಿಂತುಬಿಟ್ಟಳು. "ನಂಗ್ಯಾಕತ್ತೆ ಹೇಳ್ಲಿಲ್ಲ?"

ಈಶ್ವರಮ್ಮ ವೇದಾವತಿಯ ಏದುಸಿರು ಕೇಳಿದ ದಿಕ್ಕಿಗೆ ತಿರುಗಿ, "ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ ತಾಯಿ? ಮೊರದ ಮುಂದೆ ಹೇಳ್ಕಂಡಿದ್ದನ್ನ ಊರ ಮುಂದೆ ಹಾಕ್ಬುಟ್ಟೆ" ಎಂದಳು.

ಮರುವಾರವೇ ಸೊಸೆ ತುಮಕೂರಿನಲ್ಲಿ ಆಪರೇಷನ್ ಮಾಡಿಸಿದಳು; ಒಂದು ಕಣ್ಣು ಉಳಿಯಿತು. ನಿಮ್ಮಿಂದಲೇ ಒಳ್ಳೆಯದಾಯಿತಲ್ಲ ಎಂದು ಹಲವರು ವೇದಾವತಿಗೆ ಸಮಾಧಾನ ಹೇಳಿದರು. ಅವಳು ಅದನ್ನು ಒಪ್ಪಿಕೊಳ್ಳಲಿಲ್ಲ. ಕಳ್ಳಂಬೆಳ್ಳಕ್ಕೆ ಹೋಗಿ ಕ್ಷಮೆ ಬೇಡಿ, "ಹಾಡು ಒಂದನ್ನಾದ್ರೂ ಇರಿಸ್ಲಾ ಅಮ್ಮಾ?" ಎಂದು ಕೇಳಿದಳು. ಹಾಗೆ ಕೇಳಿದ್ದು ಅದೇ ಮೊದಲು.

"ಬ್ಯಾಡ ಕಣಮ್ಮ. ಉಂಡ್ಕಂಡ್ ಹೋಗು."

ಈಶ್ವರಮ್ಮ ಮುದ್ದೆ ಬಡಿಸಿ ಉಪಚರಿಸಿದಳು. ಆದರೆ ವೇದಾವತಿ ಹೊರಡುವವರೆಗೂ ಮೊರ ಮುಟ್ಟಲಿಲ್ಲ.

ಸೂಕ್ಷ್ಮ ಕಿವಿಯವರು ಲೋಕದಲ್ಲಿ ವಿರಳ. ನಾವು ಕಿವುಡರಂತೆ ದಾಟಿಹೋಗುವುದನ್ನು ಅವರು ಕೂಡಿಡುತ್ತಾರೆ; ಅವರಿಲ್ಲದಿದ್ದರೆ ಎಷ್ಟೋ ದನಿಗಳು ಕುರುಹಿಲ್ಲದೆ ಅಳಿದಾವು. ಆದರೂ ಅಂಥವರ ಸನ್ನಿಧಿಯಲ್ಲಿ ಒಂದು ಅಳುಕು ತಪ್ಪದು: ದನಿಯನ್ನು ಅಷ್ಟೊಂದು ಪ್ರೀತಿಸುವವರಿಗೆ, ಅದು ಇನ್ನೊಬ್ಬರದು ಎಂಬುದು ಎಲ್ಲಕ್ಕಿಂತ ಕೊನೆಗೆ ಕೇಳಿಸುತ್ತದೆ.