ಮುಟ್ಟಿದ ಬಾಟಲಿ

"ಮುಟ್ಬೇಡ ಕಣೇ ಆ ಬಾಟ್ಲಿನ! ಲೋಳೆ ಉಜ್ಜೋ ಕೈ ಅದು, ಎಲ್ಲಿಡಬೇಕು ಅಂತ ಗೊತ್ತಾಗಲ್ವಾ?"

ಸೊಂಟದ ಬೆಲ್ಟಿಗೆ ಮೊಬೈಲು ಸಿಕ್ಕಿಸಿಕೊಂಡಿದ್ದ ಹೋಟೆಲ್ ಮ್ಯಾನೇಜರ್ ವಸಿಷ್ಠ ಕೂಗಿದ ರಭಸಕ್ಕೆ ನೀರಿನ ಪರೀಕ್ಷೆಗೆಂದು ಇಟ್ಟಿದ್ದ ಖಾಲಿ ಬಾಟಲಿಯತ್ತ ಚಾಚಿದ ಕೈಯನ್ನು ಮಾದಮ್ಮ ಹಿಂದಕ್ಕೆ ಎಳೆದುಕೊಂಡಳು.

ಹಾಸನದ ಆ ಹೊಸ ಹೋಟೆಲಿಗೆಲ್ಲ ತಂಪು ಕಳಿಸುವ ಯಂತ್ರದ ನೀರು, ತಾರಸಿಯ ತೊಟ್ಟಿಗೆ ತುಂತುರಾಗಿ ಸುರಿದು, ಆರಿ, ಮತ್ತೆ ಕೆಳಗಿಳಿಯುತ್ತಿತ್ತು. ತೊಟ್ಟಿಗಿಳಿದು ಉಜ್ಜುವವರು ಮಾದಮ್ಮ ಮತ್ತು ಅವಳ ತಂಗಿ ಸಣ್ಣಕ್ಕ. ಸಣ್ಣಕ್ಕ ಈಗ ದೊಡ್ಡಾಸ್ಪತ್ರೆಯಲ್ಲಿ ಉಸಿರಿಗಾಗಿ ಬಾಯಿ ಬಿಡುತ್ತಾ ಮಲಗಿದ್ದಳು.

"ಇಂಥ ಬೆಚ್ಚಗಿನ ನೀರಲ್ಲಿ ಒಂದು ಬ್ಯಾಕ್ಟೀರಿಯಾ ಬೆಳೆಯುತ್ತೆ. ತುಂತುರಿನ ಜೊತೆ ಎದೆಗೆ ಇಳಿಯುತ್ತೆ. ಮೊದಲು ಆ ನೀರನ್ನ ಪರೀಕ್ಷೆ ಮಾಡಿಸಲಿ, ಅಲ್ಲಿವರೆಗೆ ನೀನೂ ಇಳೀಬೇಡ" ಎಂದಿದ್ದರು ಡಾಕ್ಟರು. ಮಾದಮ್ಮ ಅದನ್ನೇ ವಸಿಷ್ಠನಿಗೆ ಹೇಳಿದಳು.

"ತಿಂಗಳು ತಿಂಗಳೂ ಪರೀಕ್ಷೆ ಆಗ್ತಿದೆ. ಒಂದು ಹುಳಾನೂ ಸಿಕ್ಕಿಲ್ಲ," ಎಂದ ವಸಿಷ್ಠ. "ನಿಮ್ಮ ಕೇರಿ ಕೊಳಕಿಂದ ಬಂದ ಕಾಯಿಲೆ ಅದು. ನಾಳೆ ನೀನೊಬ್ಬಳೇ ಇಳಿ."

ಹುಳ ಸಿಗುವುದಾದರೂ ಹೇಗೆ? ಆ ಲೋಳೆಗೆ ಅವನು ಕೈ ಅದ್ದುವವನಲ್ಲ. ಬಾಟಲಿಯನ್ನು ಮಾದಮ್ಮ ಮುಟ್ಟುವಂತಿಲ್ಲ. ಹಾಗಾಗಿ ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಮುಂದಿಟ್ಟ ತಂಬಿಗೆಯ ನೀರೇ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ದೇವರೇ ಪಾಸಾಗುತ್ತಿದ್ದ.

ಇವತ್ತೂ ವಸಿಷ್ಠ ಬಾಟಲಿಗೆ ತಂಬಿಗೆ ಬಗ್ಗಿಸಿದ. ಬಾಟಲಿ ಒಯ್ಯಲು ಪ್ರಯೋಗಾಲಯದಿಂದ ಬಂದಿದ್ದ ಜಯಂತ್ ಕಾಫಿ ಹೀರುತ್ತಿದ್ದ. ಮಾದಮ್ಮನ ಕಿವಿಯಲ್ಲಿ ತಂಗಿಯ ಎದೆ ಗೊರಗುಟ್ಟುತ್ತಿತ್ತು. ಜಯಂತನ ಪೆಟ್ಟಿಗೆಯಿಂದ ಇನ್ನೊಂದು ಖಾಲಿ ಬಾಟಲಿ ಎತ್ತಿಕೊಂಡು ಸರಸರನೆ ತಾರಸಿಗೆ ಹತ್ತಿದಳು. ಇಳಿದು ಬಂದಾಗ ಬಾಟಲಿಯಲ್ಲಿ ಕಂದು ನೀರಿತ್ತು.

"ಇದ್ನ ತಕೊಂಡೋಗಿ ಸಾ. ನಮ್ಮುಡ್ಗಿ ಎದೆಗೋಗಿರೋದು ಇದೇಯ."

ಜಯಂತ್ ವಸಿಷ್ಠನ ಮುಖ ನೋಡಿದ. "ಮ್ಯಾನೇಜರು ಕೊಟ್ಟಿದ್ದು ಮಾತ್ರ ತಗೊಳ್ಳೋದಮ್ಮ."

"ಪಾಲಾಕ್ಷ, ಕಿತ್ಕೊಳ್ಳೋ ಅದನ್ನ!"

ವಾಚ್‌ಮನ್ ಪಾಲಾಕ್ಷ ಕೈ ಹಿಂದಕ್ಕೆ ಕಟ್ಟಿಕೊಂಡ. "ಕೈ ಉಳುಕೈತೆ ಸಾ."

"ಅವ್ನ್ಯಾಕೆ? ನೀನೇ ಕಿತ್ಕೊ ಬಾ," ಮಾದಮ್ಮ ಬಾಟಲಿ ಚಾಚಿದಳು. "ನಿನ್ ಮಡಿಗಿಷ್ಟು ಬೆಂಕಿ ಬೀಳ! ಮೈಲಿಗೆ ಆದ್ರೆ ತಲೆ ಮ್ಯಾಲೆ ನೀರುಯ್ಕೊ. ಮ್ಯಾಲೆ ತೊಟ್ಟಿ ತುಂಬಾ ಐತೆ."

ವಸಿಷ್ಠನ ಕೈ ಮುಂದೆ ಬಂದು, ಬಾಟಲಿಗೆ ಗೇಣು ದೂರದಲ್ಲಿ ನಿಂತುಬಿಟ್ಟಿತು.

ಮಾದಮ್ಮ ಬಾಟಲಿಗೆ ಸೆರಗು ಸುತ್ತಿಕೊಂಡು, ಅತಿಥಿಗಳು ಬರುವ ಮುಂಬಾಗಿಲಿನಿಂದಲೇ ಹೊರಬಿದ್ದು ದೊಡ್ಡಾಸ್ಪತ್ರೆಯ ದಾರಿ ಹಿಡಿದಳು.